ಹಾಲುಹಲ್ಲು ಕೂರಿಸಿದ ಕೈ

ನನ್ನ ಮುದ್ದಿನ ಕ್ಯಾಪ್ಟನ್‌ಗೆ,

ನಿನ್ನ ಬಲಗಡೆಯ ಮುಂದಿನ ಹಲ್ಲಿನ ಮೇಲೆ ಅಕ್ಕಿಕಾಳಿನಷ್ಟು ಕಂದು ಮಚ್ಚೆ ಇದೆಯಲ್ಲ, ಅದರ ಬಗ್ಗೆ ಬರೆಯಲು ಕೂತಿದ್ದೇನೆ. ಆ ಮಚ್ಚೆಯ ಕಥೆಯನ್ನು ಇಲ್ಲಿಯವರೆಗೆ ಯಾರೂ ನಿನಗೆ ಸರಿಯಾಗಿ ಹೇಳಿಲ್ಲ. ಅವರಿಗೆ ಗೊತ್ತಿದ್ದರೆ ತಾನೆ ಹೇಳುವುದು? ಪೂರ್ತಿ ಗೊತ್ತಿರುವವನು ಈ ಮನೆಯಲ್ಲಿ ನಾನೊಬ್ಬನೇ, ಆರು ವರ್ಷದಿಂದ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೇನೆ. ಮೂವತ್ತೆರಡು ವರ್ಷ ಮೈದಾನದಲ್ಲಿ ಮಕ್ಕಳಿಗೆ ಎದೆ ಸೆಟೆಸಿ ನಿಲ್ಲಿರೋ ಎಂದು ಅರಚಿದ ಪೀಟಿ ಮೇಷ್ಟ್ರು ನಾನು. ಒಂದು ಹಲ್ಲಿನ ವಿಷಯದಲ್ಲಿ ನನಗೇ ನೆಟ್ಟಗೆ ನಿಲ್ಲಲು ಆಗಲಿಲ್ಲ ಎಂದರೆ ನನಗೆ ಈಗಲೂ ನಂಬಿಕೆ ಬರುತ್ತಿಲ್ಲ.

ಮೊದಲು ನನ್ನ ಜಂಬದ ಕಥೆ ಕೇಳು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿಗೆ ಆಟದ ನಡುವೆ ಹಾಕಿ ಸ್ಟಿಕ್ ಬಾಯಿಗೆ ಬಡಿದು ಮುಂದಿನ ಹಲ್ಲು ಬುಡಸಮೇತ ಹಾರಿಬಂತು. ಎಲ್ಲರೂ ಕಿರುಚುತ್ತಿದ್ದರು. ನಾನು ಮಾತ್ರ ಹುಲ್ಲಿನಲ್ಲಿ ಹುಡುಕಿ ಹಲ್ಲು ಎತ್ತಿಕೊಂಡೆ. ಬೇರನ್ನು ಮುಟ್ಟದೆ ತುದಿ ಹಿಡಿದು ಹಾಲಿನಲ್ಲಿ ಅದ್ದಿ, ಅದು ಬಿದ್ದ ಗೂಡಿಗೇ ಮತ್ತೆ ಕೂರಿಸಿ, ಕರವಸ್ತ್ರ ಕಚ್ಚಿಸಿ ಆಸ್ಪತ್ರೆಗೆ ಓಡಿದೆ. ಹಲ್ಲು ಉಳಿಯಿತು. ಆ ಹುಡುಗಿ ಈಗ ದೊಡ್ಡ ಬೇಕರಿ ನಡೆಸುತ್ತಾಳೆ. ನಾನು ಹೋದಾಗಲೆಲ್ಲ ಆ ಹಲ್ಲು ತೋರಿಸಿ ನಕ್ಕು, ಬ್ರೆಡ್ಡಿನ ಜೊತೆ ಇನ್ನೇನಾದರೂ ಕಟ್ಟಿಕೊಡುತ್ತಾಳೆ. ಅಂದಿನಿಂದ ನನಗೆ ಹಲ್ಲು ಮೇಷ್ಟ್ರು ಎಂದೇ ಹೆಸರು. ಪ್ರತಿ ವರ್ಷ ಹೊಸ ಮಕ್ಕಳನ್ನು ಸಾಲಾಗಿ ಕೂರಿಸಿ, ಹಲ್ಲು ಬಿದ್ದರೆ ಏನು ಮಾಡಬೇಕು ಎಂದು ಪಾಠ ಮಾಡುತ್ತಿದ್ದೆ. ಹಾಲು, ಗೂಡು, ಗಂಟೆಯೊಳಗೆ ಆಸ್ಪತ್ರೆ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ.

ನಾನು ಕಲಿಸಿದ್ದೆಲ್ಲ ದೊಡ್ಡ ಮಕ್ಕಳಿಗೆ, ದೊಡ್ಡ ಹಲ್ಲುಗಳಿಗೆ. ಹಾಲುಹಲ್ಲಿನ ಲೆಕ್ಕವೇ ಬೇರೆ ಎಂದು ನನಗೆ ಯಾರೂ ಹೇಳಿರಲಿಲ್ಲ. ನಾನೂ ಯಾರನ್ನೂ ಕೇಳಿರಲಿಲ್ಲ. ಗೊತ್ತು ಎಂದುಕೊಂಡವನು ಯಾಕೆ ಕೇಳುತ್ತಾನೆ, ಹೇಳು.

ಆಗ ನಿನಗೆ ಎರಡು ವರ್ಷ ಐದು ತಿಂಗಳು. ನಿನ್ನ ಅಮ್ಮ ಬೆಳಗಿನ ಪಾಳಿಯ ಬಸ್ಸು ಓಡಿಸುತ್ತಿದ್ದಳು, ನಿನ್ನ ಅಪ್ಪ ಲಿಫ್ಟ್ ಕೂರಿಸುವ ಕೆಲಸಕ್ಕೆ ಬೇರೆ ಊರಿಗೆ ಹೋಗಿದ್ದ. ಮನೆಯಲ್ಲಿ ನಾನು, ನೀನು. ನನ್ನ ಹಳೆಯ ಉಕ್ಕಿನ ಸೀಟಿ ನಿನಗೆ ಪ್ರಾಣ. ಅದನ್ನು ಬಾಯಲ್ಲಿಟ್ಟುಕೊಂಡು ನೀನು ಅಡುಗೆಮನೆಯಿಂದ ಬಾಗಿಲವರೆಗೆ ಓಡುವುದು, ನಾನು ಕುರ್ಚಿಯಲ್ಲಿ ಕೂತು ಲೆಫ್ಟ್ ರೈಟ್ ಎನ್ನುವುದು. ಚಡ್ಡಿ ಒಂದು ಕಡೆ ಜಾರಿರುತ್ತಿತ್ತು, ಎಡಗಾಲಿಗೂ ಬಲಗಾಲಿಗೂ ವ್ಯತ್ಯಾಸ ಗೊತ್ತಿರಲಿಲ್ಲ, ಆದರೆ ಮುಖದಲ್ಲಿ ಎಂಥ ಗತ್ತು! ಇನ್ನೂ ಜೋರಾಗಿ, ಇನ್ನೂ ಜೋರಾಗಿ ಎಂದವನು ನಾನೇ. ಈ ಮಾತನ್ನು ನೆನಪಿಟ್ಟುಕೋ, ಯಾಕೆಂದರೆ ಆಮೇಲೆ ನಾನು ಇದನ್ನು ತಿರುಚಿಬಿಟ್ಟೆ.

ಬಾಗಿಲ ಹತ್ತಿರ ಕಾಲೊರಸು ಜಾರಿತು. ನೀನು ಮುಖ ಅಡಿಯಾಗಿ ಬಿದ್ದೆ, ಸೀಟಿ ಬಾಯಲ್ಲೇ ಇತ್ತು. ಆಮೇಲೆ ನೀನು ಅತ್ತ ಅಳು ಕೇಳಿ ಮೇಲಿನ ಮನೆಯವರು ಕಿಟಕಿ ತೆಗೆದರು. ಗಲ್ಲ, ಅಂಗಿ, ನನ್ನ ಕೈ, ಎಲ್ಲ ರಕ್ತ. ಹೊಸ್ತಿಲ ಪಕ್ಕದಲ್ಲಿ ನಿನ್ನ ಹಲ್ಲು ಬಿದ್ದಿತ್ತು. ಎಷ್ಟು ಚಿಕ್ಕದು ಎನ್ನುತ್ತೀ! ಬೇರೂ ಸೇರಿ ನನ್ನ ಕಿರುಬೆರಳಿನ ಉಗುರಿನುದ್ದ ಇದ್ದೀತು. ಬೇರೆ ಯಾವ ತಾತನಾದರೂ ಹೆದರಿ ನಿನ್ನನ್ನು ಎತ್ತಿಕೊಂಡು ಡಾಕ್ಟರ ಹತ್ತಿರ ಓಡುತ್ತಿದ್ದ, ಅಷ್ಟರಲ್ಲೇ ಎಲ್ಲ ಸರಿಹೋಗುತ್ತಿತ್ತು. ನಿನ್ನ ತಾತ ಹಲ್ಲು ಮೇಷ್ಟ್ರು. ಕೈ ನಡುಗಲಿಲ್ಲ. ಬಟ್ಟಲಿಗೆ ಹಾಲು ಸುರಿದೆ, ತುದಿ ಹಿಡಿದು ಅದ್ದಿದೆ, ನಿನ್ನ ತಲೆಯನ್ನು ಕಂಕುಳಲ್ಲಿ ಒತ್ತಿ ಹಿಡಿದು, ಹೆಬ್ಬೆರಳಿನಿಂದ ಹಲ್ಲನ್ನು ಗೂಡಿಗೆ ಒತ್ತಿದೆ. ಸುಲಭಕ್ಕೆ ಹೋಗಲಿಲ್ಲ. ಇನ್ನೂ ಒತ್ತಿದೆ. ನೀನು ಒದ್ದಾಡಿದೆ, ನನ್ನ ಕಣ್ಣನ್ನೇ ನೋಡುತ್ತಿದ್ದೆ. ಒಂದು ನಿಮಿಷ ಕಂದ, ಒಂದೇ ನಿಮಿಷ ಎಂದು ಹೇಳುತ್ತಾ ನಾನು ಒತ್ತುತ್ತಲೇ ಇದ್ದೆ. ಕೂತಿತು. ಕ್ಯಾಪ್ಟನ್, ನಿಜ ಹೇಳುತ್ತೇನೆ, ಆ ಹೊತ್ತಿನಲ್ಲಿ ನನಗೆ ಖುಷಿಯಾಗಿತ್ತು. ಸಾಯಂಕಾಲ ಬೇಕರಿಯಲ್ಲಿ ಈ ಕಥೆಯನ್ನು ಹೇಗೆ ಹೇಳಬೇಕು ಎಂದು ಕೂಡ ಯೋಚಿಸಿದ್ದೆ.

ನಿನ್ನ ಅಮ್ಮ ಕೊನೆಯ ನಿಲ್ದಾಣ ತಲುಪಿದ ಮೇಲೆ ಫೋನು ಎತ್ತಿದಳು. ಮಗು ಬಿದ್ದಿದೆ, ಬಾಯಿಗೆ ಪೆಟ್ಟಾಗಿದೆ ಎಂದೆ. ಅವಳು ಹೇಳಿದ್ದು ಇಷ್ಟೇ. "ಅಪ್ಪಾ, ನೀನೇನೂ ಮಾಡೋಕೆ ಹೋಗ್ಬೇಡ. ಸುಮ್ನೆ ಮಕ್ಕಳ ಹಲ್ಲಿನ ಡಾಕ್ಟ್ರ ಹತ್ರ ಕರ್ಕೊಂಡು ಹೋಗು." ಮಾಡಿ ಮುಗಿಸಿ ಕೈ ತೊಳೆದುಕೊಂಡಿದ್ದ ನಾನು ಸರಿ ಎಂದೆ. ಡಾಕ್ಟರ ಬಾಯಲ್ಲೇ ನನ್ನ ಹೊಗಳಿಕೆ ಕೇಳಲಿ ಎಂಬ ಆಸೆ.

ಆ ಕ್ಲಿನಿಕ್ಕು ನಿನಗೆ ಚೆನ್ನಾಗಿ ಗೊತ್ತು, ನೀನು ಕಪ್ಪೆ ಡಾಕ್ಟ್ರು ಎಂದು ಕರೆಯುವವರದ್ದು. ಟೋಪಿಯ ಮೇಲೆ ಹಸಿರು ಕಪ್ಪೆಗಳಿರುತ್ತವಲ್ಲ, ಅವರೇ. ಹೊರಗಿನ ಕೋಣೆಯಲ್ಲಿ ನಿನ್ನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಎದುರು ಗೋಡೆಯ ಮೇಲೆ ದಪ್ಪ ಅಕ್ಷರದ ಒಂದು ಹಾಳೆ. ಹೊತ್ತು ಕಳೆಯಲು ಓದತೊಡಗಿದೆ. ಚಿಕ್ಕ ಮಕ್ಕಳ ಹಲ್ಲಿಗೆ ಪೆಟ್ಟಾದರೆ: ಒದ್ದೆ ಬಟ್ಟೆ ಒತ್ತಿ ರಕ್ತ ನಿಲ್ಲಿಸಿ. ಹಲ್ಲು ಸಿಕ್ಕರೆ ಜೊತೆಗೆ ತನ್ನಿ. ಅದರ ಕೆಳಗೆ ಕೆಂಪಕ್ಷರದಲ್ಲಿ, ಪೂರ್ತಿ ಕಿತ್ತುಬಂದ ಹಾಲುಹಲ್ಲನ್ನು ಎಂದಿಗೂ ಮತ್ತೆ ಕೂರಿಸಬೇಡಿ. ಅದರ ಮೇಲುಗಡೆ ವಸಡಿನೊಳಗೆ ಮುಂದೆ ಬರಬೇಕಾದ ಶಾಶ್ವತ ಹಲ್ಲು ಬೆಳೆಯುತ್ತಿರುತ್ತದೆ, ಅದಕ್ಕೆ ಏಟಾಗುತ್ತದೆ.

ಎಂದಿಗೂ ಎಂಬ ಪದದ ಮೇಲೆ ಕಣ್ಣು ನಿಂತುಬಿಟ್ಟಿತು. ಮತ್ತೆ ಓದಿದೆ, ಬೇರೆ ಏನಾದರೂ ಬರೆದಿರಬಹುದು ಎಂದು ಮೂರನೆಯ ಸಲವೂ ಓದಿದೆ. ಆಗ ನನಗೆ ನೆನಪಾದದ್ದು ಒಂದೇ, ಹಲ್ಲು ಸುಲಭಕ್ಕೆ ಹೋಗದೆ ಇದ್ದಾಗ ನಾನು ಇನ್ನೂ ಒತ್ತಿದ್ದು. ಏನನ್ನು ಒತ್ತಿದ್ದೆ ನಾನು? ನೀನು ಅತ್ತು ಸಾಕಾಗಿ ನನ್ನ ಅಂಗಿಯ ಗುಂಡಿ ಹಿಡಿದುಕೊಂಡು ನಿದ್ದೆ ಹೋಗಿದ್ದೆ. ನಿನ್ನ ಊದಿದ ತುಟಿಯನ್ನು ನೋಡುವ ಧೈರ್ಯವಾಗಲಿಲ್ಲ. ಇಷ್ಟು ವರ್ಷ ನೂರಾರು ಮಕ್ಕಳಿಗೆ ನಾನು ಅರ್ಧ ಪಾಠ ಮಾತ್ರ ಹೇಳಿದ್ದೆ. ಉಳಿದರ್ಧವನ್ನು ನಿನ್ನ ಬಾಯಿಗೆ ಏಟು ಮಾಡಿ ಕಲಿತೆ.

ಒಳಗೆ ಕರೆದರು. ಡಾಕ್ಟರೂ ನಾನೂ ಮಂಡಿಗೆ ಮಂಡಿ ತಾಗಿಸಿ ಎದುರುಬದುರು ಕೂತೆವು. ನಿನ್ನ ತಲೆ ಅವರ ಮಡಿಲಲ್ಲಿ, ಕಾಲು ನನ್ನ ಸೊಂಟದ ಎರಡು ಪಕ್ಕ. ನೀನು ನನ್ನ ಮುಖ ನೋಡುತ್ತಿರಲಿ ಎಂದು ಹಾಗೆ ಕೂರಿಸುತ್ತಾರಂತೆ. ಅವರು ಒಂದೊಂದಾಗಿ ಕೇಳಿದರು. ಎಷ್ಟು ಹೊತ್ತಿಗೆ ಬಿದ್ದಳು, ಪ್ರಜ್ಞೆ ತಪ್ಪಿತ್ತಾ, ವಾಂತಿಯಾಯಿತಾ, ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿದ್ದೀರಾ. ಎಲ್ಲಕ್ಕೂ ಸರಿಯಾಗಿ ಉತ್ತರ ಕೊಟ್ಟೆ. ಆಮೇಲೆ ಕೇಳಿದರು. "ಹಲ್ಲು ಪೂರ್ತಿ ಆಚೆ ಬಂದಿತ್ತಾ ಸರ್, ಇಲ್ಲ ಬರೀ ಅಲುಗಾಡ್ತಿತ್ತಾ?"

"ಬರೀ ಅಲುಗಾಡ್ತಿತ್ತು" ಎಂದೆ.

ಆ ಮಾತು ನನ್ನ ಬಾಯಿಂದ ಹೇಗೆ ಬಂತೋ ನನಗೆ ಗೊತ್ತಿಲ್ಲ. ಯೋಚಿಸಿ ಹೇಳಿದ ಸುಳ್ಳಲ್ಲ ಅದು, ಮುಖಕ್ಕೆ ಚೆಂಡು ಬಂದಾಗ ಕೈ ತಾನಾಗಿ ಅಡ್ಡ ಬರುತ್ತದಲ್ಲ, ಹಾಗೆ ಬಂತು. ಪುಟ್ಟ ಎಕ್ಸ್‌ರೇ ತೆಗೆದರು. ಹಲ್ಲು ಸ್ವಲ್ಪ ಒಳಗೆ ಹೋದಂತೆ ಕಾಣುತ್ತದೆ ಎಂದರು. ಹುಬ್ಬು ಗಂಟಿಕ್ಕಿ ಇನ್ನೊಮ್ಮೆ ಕೇಳಿದರು, ಕೈಗೆ ಬಂದಿರಲಿಲ್ಲ ತಾನೆ, ಬಂದಿದ್ದರೆ ಈಗಲೇ ತೆಗೆಯಬೇಕು, ಬರೀ ಕದಲಿದ್ದರೆ ಹಾಗೇ ಬಿಟ್ಟು ಕಾಯಬಹುದು ಎಂದು. ಎಷ್ಟು ಬಿಡಿಸಿ ಹೇಳಿದರು ನೋಡು. ನಿಜ ಹೇಳಲು ನನಗೆ ಎರಡನೆಯ ಅವಕಾಶವನ್ನೂ ಕೊಟ್ಟರು. ನಾನು ಇಲ್ಲ ಎಂದು ತಲೆಯಾಡಿಸಿದೆ. ಅಷ್ಟು ಹೊತ್ತಿಗೆ ಬಸ್ಸಿನ ಖಾಕಿ ಅಂಗಿಯಲ್ಲೇ ನಿನ್ನ ಅಮ್ಮ ಓಡಿಬಂದಳು, ಅವಳ ಮುಖ ನೋಡಿದ ಮೇಲೆ ನನ್ನ ನಾಲಿಗೆ ಹೊರಳಲೇ ಇಲ್ಲ.

ಹತ್ತು ದಿನ ಮೆತ್ತನೆಯದನ್ನೇ ತಿನ್ನಿಸಿ, ಮೆದು ಬ್ರಷ್ಷಿನಲ್ಲಿ ಉಜ್ಜಿ, ಬಾಟಲಿಯ ರಬ್ಬರು ಚೀಪಿಸಬೇಡಿ, ವಸಡು ಊದಿದರೆ ತಕ್ಷಣ ಬನ್ನಿ ಎಂದು ಹೇಳಿ ಕಳಿಸಿದರು. ಮನೆಗೆ ಬಂದ ಮೇಲೆ ಸೀಟಿಯ ವಿಷಯ ತಿಳಿದು ನಿನ್ನ ಅಮ್ಮ ನನ್ನ ಚಳಿ ಬಿಡಿಸಿದಳು. ಮಗುವಿನ ಬಾಯಿಗೆ ಕಬ್ಬಿಣ ಕೊಟ್ಟು ಓಡಿಸುವವರುಂಟಾ ಎಂದಳು. ಹೌದಮ್ಮ, ತಪ್ಪಾಯಿತು ಎಂದು ನಾನು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡೆ. ಅವಳಿಗೆ ಆಶ್ಚರ್ಯವಾಗಿರಬೇಕು, ನಾನು ಜನ್ಮದಲ್ಲಿ ಅಷ್ಟು ಸುಲಭಕ್ಕೆ ಒಪ್ಪಿಕೊಂಡವನಲ್ಲ. ಚಿಕ್ಕ ತಪ್ಪನ್ನು ದೊಡ್ಡ ಗಂಟಲಿನಲ್ಲಿ ಒಪ್ಪಿಕೊಂಡರೆ ದೊಡ್ಡದನ್ನು ಯಾರೂ ಕೇಳುವುದಿಲ್ಲ ಎಂದು ನನಗೆ ಆಗಲೇ ಗೊತ್ತಾಗಿಬಿಟ್ಟಿತ್ತು. ಈ ವಯಸ್ಸಿನಲ್ಲಿ ಎಂಥ ವಿದ್ಯೆ ಕಲಿತೆ ನೋಡು.

ಆಮೇಲಿನ ಆರು ದಿನ ನಾನು ನಿನ್ನ ತುಟಿ ಎತ್ತಿ ಎತ್ತಿ ನೋಡುತ್ತಿದ್ದೆ. ಹಲ್ಲು ಕಚ್ಚಿಕೊಂಡೇ ಇರಲಿ ಎಂದು ಬೇಡಿಕೊಂಡೆ. ಉಳಿದುಬಿಟ್ಟರೆ ನನ್ನ ಸುಳ್ಳೇ ನಿಜವಾದ ಹಾಗಲ್ಲವೇ? ನಾಲ್ಕನೆಯ ದಿನ ನಿನ್ನ ಅಮ್ಮ ಕೆಲಸ ಮುಗಿಸಿ ಬಂದಾಗ ನೀನು ಹಸಿದು ರಚ್ಚೆ ಹಿಡಿದಿದ್ದೆ, ಅವಳು ಅರ್ಧ ರಸ್ಕು ಕೈಗೆ ಕೊಟ್ಟಳು. ಏಳನೆಯ ದಿನ ಬೆಳಿಗ್ಗೆ ನಿನಗೆ ಜ್ವರ. ಹಲ್ಲಿನ ಮೇಲೆ ವಸಡಿನಲ್ಲಿ ಹಳದಿ ಕೀವಿನ ಗುಳ್ಳೆ. ಬಾಯಿಂದ ಹೊಸ ವಾಸನೆ.

ನಿನ್ನನ್ನು ಎತ್ತಿಕೊಂಡು ಓಡಿದೆ. ಅಮ್ಮ ಬರುವ ಮೊದಲು ಡಾಕ್ಟರಿಗೆ ಎಲ್ಲ ಹೇಳಿಬಿಟ್ಟೆ. ಹಾಲು, ಹೆಬ್ಬೆರಳು, ಇನ್ನೂ ಒತ್ತಿದ್ದು, ಗೋಡೆಯ ಹಾಳೆ ಓದಿ ಸುಳ್ಳು ಹೇಳಿದ್ದು. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಹಗುರಾಗುತ್ತಿತ್ತು. ಅವರು ಕೈಗವಸು ಹಾಕಿಕೊಳ್ಳುತ್ತಿದ್ದವರು ಹಾಗೇ ನಿಂತರು. "ಸರ್, ನಾನು ಅವತ್ತು ಎರಡು ಸಲ ಕೇಳಿದ್ದೆ" ಎಂದರು. ಅಷ್ಟೇ. ಆಮೇಲೆ ಮರಗಟ್ಟುವ ಮದ್ದು ಚುಚ್ಚಿ ಹಲ್ಲನ್ನು ತೆಗೆದರು. ನಾನು ನಿನ್ನ ಕಾಲು ಹಿಡಿದುಕೊಂಡಿದ್ದೆ. ಒಳಗಿನ ಹಲ್ಲಿಗೆ ಏನಾಗಿದೆ ಎಂದು ಕೇಳಿದೆ. ಅದು ಹೊರಗೆ ಬರುವವರೆಗೆ ಹೇಳಲಾಗದು, ಇನ್ನೂ ಐದು ವರ್ಷ ಹಿಡಿಯುತ್ತದೆ, ಏನೂ ಆಗದೆಯೂ ಇರಬಹುದು ಎಂದರು. ಹೊರಡುವಾಗ ತಾಯಿಗೆ ಈ ವಿಷಯ ಗೊತ್ತಿರಬೇಕು, ನೀವೇ ಹೇಳುತ್ತೀರಲ್ಲ ಎಂದು ಕೇಳಿದರು. ಇವತ್ತೇ ಹೇಳುತ್ತೇನೆ ಎಂದೆ.

ಹೇಳುವವನೇ ಇದ್ದೆ, ನಂಬು. ಆದರೆ ಅಮ್ಮ ಬಂದವಳು ಹೊರಗಿನ ಬೆಂಚಿನ ಮೇಲೆ ಕುಸಿದು ಕೂತಳು. "ನಾನೇ ಹಾಳು ಮಾಡಿದೆ ಅಪ್ಪಾ. ಆ ರಸ್ಕು ಕೊಡಬಾರದಿತ್ತು" ಎಂದು ಅತ್ತಳು. ಬಸ್ಸಿನಲ್ಲಿ ಕುಡುಕರನ್ನು ಕಾಲರು ಹಿಡಿದು ಇಳಿಸುವ ಹೆಣ್ಣು ಅದು, ನಾನು ಅವಳು ಅತ್ತದ್ದನ್ನು ಎಷ್ಟು ಸಲ ನೋಡಿದ್ದೇನೆ? ಬೆನ್ನು ಸವರಿದೆ. ಆಗಿದ್ದು ಆಗಿಹೋಯಿತು ಬಿಡು ಎಂದೆ. ನನ್ನ ಸ್ವಂತ ಮಗಳು ನನ್ನ ತಪ್ಪನ್ನು ಎತ್ತಿ ತಲೆಯ ಮೇಲಿಟ್ಟುಕೊಳ್ಳುತ್ತಿದ್ದಳು, ನಾನು ಅದು ಜಾರದ ಹಾಗೆ ಕೈ ಕೊಟ್ಟೆ.

ಒಂದು ದಿನ ತಪ್ಪಿದ ಮಾತು ಮರುದಿನ ಇನ್ನೂ ಕಷ್ಟ. ಒಂದು ವರ್ಷ ತಪ್ಪಿದರೆ ಕೇಳಲೇಬೇಡ. ಆರು ತಿಂಗಳಿಗೊಮ್ಮೆ ತೋರಿಸಲು ನಿನ್ನನ್ನು ನಾನೇ ಕರೆದೊಯ್ಯುತ್ತಿದ್ದೆ, ಅಮ್ಮನಿಗೂ ಡಾಕ್ಟರಿಗೂ ಮಾತು ಬೆಳೆಯದಿರಲಿ ಎಂದು. ಡಾಕ್ಟರು ನಾನು ಹೇಳಿದ್ದೇನೆ ಎಂದುಕೊಂಡಿದ್ದರು. ನಿನಗೆ ಐದು ವರ್ಷವಾದಾಗ, ನನಗೆ ಯಾಕೆ ಇಲ್ಲಿ ಖಾಲಿ ಎಂದು ನೀನು ಕನ್ನಡಿ ನೋಡಿ ಕೇಳಿದೆ. ಪೇಪರು ಓದುತ್ತಿದ್ದ ನಾನು ತಲೆಯೆತ್ತದೆ ಹೇಳಿದೆ, ನಾನು ಬೇಡ ಬೇಡ ಅಂದರೂ ಓಡಿದೆಯಲ್ಲ, ಅದಕ್ಕೆ ಎಂದು. ಹೇಳಿ ಪುಟ ಮಗುಚಿದೆ. ಆ ಮಾತು ಆಡಿದ್ದನ್ನು ಮರೆತೂಬಿಟ್ಟೆ.

ಹೋದ ವರ್ಷ ಹಲ್ಲು ಬಂತು, ಮಚ್ಚೆಯೊಂದಿಗೆ. ಹಲ್ಲು ಗಟ್ಟಿಯಿದೆ, ಮಚ್ಚೆಯ ಮೇಲೆ ಹಲ್ಲಿನ ಬಣ್ಣದ್ದೇ ಲೇಪ ಹಾಕಬಹುದು, ಗಾಬರಿ ಬೇಡ ಎಂದರು ಡಾಕ್ಟರು. ಅದು ಬಿದ್ದ ಪೆಟ್ಟಿಗೆ ಬಂದದ್ದೋ, ಒತ್ತಿದ್ದಕ್ಕೋ, ಕೀವಿಗೋ ಯಾರೂ ಖಚಿತವಾಗಿ ಹೇಳಲಾರರು ಎಂದೂ ಹೇಳಿದರು. ಆ ಕೊನೆಯ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡು ಒಂದು ವರ್ಷ ನೆಮ್ಮದಿಯಾಗಿ ಉಂಡೆ.

ಮೊನ್ನೆ ಭಾನುವಾರದವರೆಗೆ. ನಿನ್ನ ಕ್ಲಾಸಿನ ಫೋಟೋ ಬಂದಿತ್ತು. ಎಲ್ಲ ಮಕ್ಕಳೂ ಹಲ್ಲು ಬಿಟ್ಟು ನಕ್ಕಿದ್ದವು, ನೀನೊಬ್ಬಳೇ ತುಟಿ ಬಿಗಿದು ನಿಂತಿದ್ದೆ. ಊಟ ಮಾಡುತ್ತಾ ಅಮ್ಮ, ಯಾಕೆ ನಗಲಿಲ್ಲ ಎಂದು ಕೇಳಿದಳು. ನೀನು ಬಟಾಣಿಗಳನ್ನು ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸುತ್ತಾ ಹೇಳಿದೆ. "ಪುಟ್ಟೋಳಿದ್ದಾಗ ತಾತ ಬೇಡ ಅಂದ್ರೂ ನಾನು ಓಡಿದ್ನಲ್ಲ, ಅದಕ್ಕೇ ಹಲ್ಲು ಕೊಳಕಾಯ್ತು. ನಂದೇ ತಪ್ಪು." ಅಮ್ಮ ಚಮಚ ಕೆಳಗಿಟ್ಟು, ನಿನ್ನದಲ್ಲ ಕಣೇ, ನಾನು ಕೊಟ್ಟ ರಸ್ಕಿನದು ಎಂದಳು. ಇಲ್ಲ ನನ್ನದು ಎಂದೆ ನೀನು. ನನ್ನದು ಎಂದಳು ಅವಳು. ಇಬ್ಬರೂ ಕೊನೆಗೆ ನಕ್ಕಿರಿ. ನೀನು ನಗುವಾಗ ಬಾಯಿಗೆ ಕೈ ಅಡ್ಡ ಇಟ್ಟುಕೊಂಡೆ.

ನಿನಗೆ ಎಂಟು ವರ್ಷ. ಮೂರು ವರ್ಷದಿಂದ ನೀನು ನನ್ನ ಬಾಯಿಂದ ಬಿದ್ದ ಒಂದು ಸುಳ್ಳನ್ನು ಎತ್ತಿಟ್ಟುಕೊಂಡು, ನಿಜವೆಂದು ನಂಬಿ, ಅದಕ್ಕಾಗಿ ನಗುವನ್ನೇ ಬಿಟ್ಟಿದ್ದೀ. ನಾನು ಪೇಪರು ಮಗುಚುತ್ತಾ ಆಡಿದ ಮಾತು. ಅದೇ ಪದಗಳು, ಒಂದೂ ಬದಲಾಗಿರಲಿಲ್ಲ. ಮೂರು ದಿನವಾಯಿತು, ಇನ್ನೂ ನನಗೆ ಆ ಗಾಬರಿಯಿಂದ ಹೊರಬರಲು ಆಗುತ್ತಿಲ್ಲ.

ಆದ್ದರಿಂದ ಕೇಳು ಕಂದ. ನಾನು ಬೇಡ ಎನ್ನಲಿಲ್ಲ, ಜೋರಾಗಿ ಓಡು ಎಂದೆ. ಎರಡು ವರ್ಷದ ಮಗು ಓಡುತ್ತದೆ, ಬೀಳುತ್ತದೆ, ಅದರಲ್ಲಿ ತಪ್ಪೇನು ಬಂತು? ರಸ್ಕಿನದೂ ತಪ್ಪಿಲ್ಲ. ಕೂರಿಸಬಾರದ ಹಲ್ಲನ್ನು ಕೂರಿಸಿದ್ದು ನನ್ನ ಕೈ. ಅದು ಗೊತ್ತಿಲ್ಲದೆ ಮಾಡಿದ್ದು. ಆರು ದಿನ ಅದನ್ನು ನಿನ್ನ ಬಾಯಲ್ಲಿ ಕೊಳೆಯಲು ಬಿಟ್ಟದ್ದು ನನ್ನ ನಾಲಿಗೆ. ಅದು ಗೊತ್ತಿದ್ದೇ ಮಾಡಿದ್ದು. ತಾತ ಪಾಪ ಎಂದು ಮರುಗಿ ತಕ್ಷಣ ಕ್ಷಮಿಸಬೇಡ. ಸಿಟ್ಟು ಬಂದರೆ ಸಿಟ್ಟು ಮಾಡಿಕೋ, ಎಷ್ಟು ದಿನ ಬೇಕಾದರೂ. ಈ ಮನೆಯಲ್ಲಿ ನಗುವಾಗ ಬಾಯಿ ಮುಚ್ಚಿಕೊಳ್ಳಬೇಕಾದವಳು ನೀನಲ್ಲ.

ಈ ಕಾಗದದಲ್ಲಿ ನಿನಗೆ ಓದಲು ಕಷ್ಟವಾಗುವ ಪದಗಳು ಬಹಳ ಇವೆ. ಸುಲಭವಾಗಿ ಬರೆಯಬಹುದಿತ್ತು, ಬೇಕೆಂದೇ ಬರೆಯಲಿಲ್ಲ. ಅಮ್ಮನ ಹತ್ತಿರ ಒಯ್ದು, ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿಸು. ಅವಳ ಮುಖ ನೋಡಿ ಹೇಳುವ ಧೈರ್ಯ ಆರು ವರ್ಷದಲ್ಲಿ ಬರಲಿಲ್ಲ, ಈಗಲೂ ನಿನ್ನ ಬೆನ್ನ ಹಿಂದೆ ನಿಂತು ಹೇಳುತ್ತಿದ್ದೇನೆ, ಅದಕ್ಕೂ ನನ್ನನ್ನು ಬೈಯಿರಿ. ಅವಳು ಓದುವಷ್ಟು ಹೊತ್ತು ನಾನು ಹೊರಗೆ ಮೆಟ್ಟಿಲ ಮೇಲೆ ಕೂತಿರುತ್ತೇನೆ. ಕರೆದರೆ ಒಳಗೆ ಬರುತ್ತೇನೆ. ಕರೆಯದಿದ್ದರೂ ಎದ್ದು ಹೋಗುವುದಿಲ್ಲ.

ಬಾಯ್ತುಂಬ ನಗುತ್ತಾ ನೂರು ವರ್ಷ ಬಾಳು, ಕಂದ.

ಇಂತಿ,
ನಿನ್ನ ಹಲ್ಲಿಗೂ ನಿನ್ನ ಅಮ್ಮನ ಕಣ್ಣೀರಿಗೂ ಉತ್ತರ ಕೊಡಬೇಕಾದ
ನಿನ್ನ ತಾತ